ಹಿತ್ತಿಲು ದಾಟಿದ ತಪ್ಪು

ಅರವತ್ತೆರಡು ವರ್ಷ ತುಂಬುವವರೆಗೆ ಯಾಂತಿನಾಳಿಗೆ ಮನೆ ನಂಬರು ಅಂತ ಒಂದು ಇರಲಿಲ್ಲ. ಅವಳು ಹುಟ್ಟಿದ್ದು ನದಿಯ ಸರಕು ಹಡಗಿನಲ್ಲಿ, ಮದುವೆಯಾಗಿ ಹೋದದ್ದು ಇನ್ನೊಂದು ಸರಕು ಹಡಗಿಗೆ. ಅಪ್ಪನ ಹಡಗಿನಲ್ಲಿ ಮರಳು ಜಲ್ಲಿ, ಗಂಡನ ಹಡಗಿನಲ್ಲಿ ದನದ ಮೇವು. ವಾಸನೆ ಬದಲಾಯಿತು, ಬದುಕು ಬದಲಾಗಲಿಲ್ಲ. ರಾಟರ್‌ಡ್ಯಾಮಿನಲ್ಲಿ ತುಂಬಿಸು, ಡೆವೆಂಟರಿನಲ್ಲಿ ಇಳಿಸು, ಮತ್ತೆ ಹೋಗು, ಮತ್ತೆ ಬಾ. ಟಪಾಲೆಲ್ಲ ನಾದಿನಿಯ ವಿಳಾಸಕ್ಕೆ ಬರುತ್ತಿತ್ತು. ತಿಂಗಳಿಗೊಮ್ಮೆ ಆಕೆ ಅದನ್ನು ಚೀಲಕ್ಕೆ ತುಂಬಿಕೊಂಡು ಯಾವುದಾದರೂ ಸೇತುವೆಯ ಹತ್ತಿರ ಕಾದು ನಿಂತು ಕೊಟ್ಟು ಹೋಗುತ್ತಿದ್ದಳು. ಹೀಗಾಗಿ ಯಾಂತಿನಾಳ ಹುಟ್ಟುಹಬ್ಬದ ಶುಭಾಶಯಗಳು ಅವಳನ್ನು ಮುಟ್ಟುವ ಹೊತ್ತಿಗೆ ಅವಳಿಗೆ ಇನ್ನೊಂದು ವರ್ಷ ತುಂಬುತ್ತಾ ಬಂದಿರುತ್ತಿತ್ತು ಎಂದು ಅವಳ ಗಂಡ ಲಮ್ಮೆರ್ಟ್ ಹೇಳುತ್ತಿದ್ದ. ಅದು ಸುಳ್ಳು, ಆದರೆ ಬಹಳ ದೊಡ್ಡ ಸುಳ್ಳೇನೂ ಅಲ್ಲ.

ಗಟ್ಟಿ ಹೆಂಗಸು ಯಾಂತಿನಾ. ಕುಳ್ಳಗೆ, ಅಗಲಕ್ಕೆ, ಹಗ್ಗ ಎಳೆದು ಎಳೆದು ಗಂಡಸಿನಂತಾದ ತೋಳು. ಇಂಜಿನ್ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು. ಅಂಗಡಿಗೆ ಹೋಗಿ ಒಂದು ಸೇರು ಬಟಾಣಿ ಕೇಳಿದರೂ ಜಗಳಕ್ಕೆ ಬಂದಿದ್ದಾಳೆ ಎಂದು ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜಗಳ ಅವಳ ಜಾಯಮಾನವೇ ಅಲ್ಲ. ಅವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ, ಅದನ್ನೂ ಅವಳು ಐವತ್ತೈದು ವರ್ಷ ಬಾಯಿಬಿಟ್ಟು ಕೇಳಿರಲಿಲ್ಲ.

ಹಡಗಿನವರ ಮಕ್ಕಳೆಲ್ಲರಂತೆ ಅವಳನ್ನೂ ಏಳನೇ ವರ್ಷಕ್ಕೆ ಹಾಸ್ಟೆಲಿಗೆ ಹಾಕಿದರು. ಭಾನುವಾರ ಮಧ್ಯಾಹ್ನ ಮಕ್ಕಳನ್ನು ಇಬ್ಬಿಬ್ಬರಂತೆ ಸಾಲು ಮಾಡಿ ಊರೊಳಗೆ ನಡೆಸಿಕೊಂಡು ಹೋಗುತ್ತಿದ್ದರು. ಇಟ್ಟಿಗೆಯ ಸಾಲುಮನೆಗಳ ಒಂದು ಬೀದಿ; ಎಲ್ಲ ಮನೆಗೂ ಮುಂದೆ ದೊಡ್ಡ ಕಿಟಕಿ, ಪರದೆ ಇಲ್ಲ. ಒಂದು ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತು ಏನೋ ಹೊಲಿಯುತ್ತಿದ್ದಳು. ಮುಂದಿನ ಭಾನುವಾರವೂ ಅದೇ ಕಿಟಕಿ, ಅದೇ ಕುರ್ಚಿ, ಅದೇ ಹೆಂಗಸು. ಅದರ ಮುಂದಿನ ಭಾನುವಾರವೂ. ಯಾಂತಿನಾಳ ಅಮ್ಮ ಬರೆಯುವ ಕಾಗದದ ಮೇಲೆ ವಾರಕ್ಕೊಂದು ಊರಿನ ಮುದ್ರೆ ಇರುತ್ತಿತ್ತು. ಈ ಹೆಂಗಸಿನ ಮಕ್ಕಳಿಗೆ ಅಮ್ಮ ಎಲ್ಲಿದ್ದಾಳೆ ಎಂದು ಭೂಪಟದಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಏಳು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಸಿರಿವಂತಿಕೆ ಕಾಣಲಿಲ್ಲ. ಆ ಆಸೆ ಅವಳೊಳಗೆ ಕೂತದ್ದು ಕೂತೇ ಇತ್ತು. ಲಮ್ಮೆರ್ಟನಿಗೆ ಬೆನ್ನು ನೋವು ಶುರುವಾಗಿ, ಮಗಳು ಬೆಲ್ಜಿಯಂನಲ್ಲಿ ತನ್ನದೇ ಹಡಗು ಮಾಡಿಕೊಂಡು, ಇನ್ನು ಸಾಕು ಎಂದು ಇಬ್ಬರೂ ಒಪ್ಪಿದ ದಿನ ಅವಳು ಬಾಯಿಬಿಟ್ಟಳು.

"ಸಾಲುಮನೆ ಬೇಕು. ಹಳೇದು. ಕಿಟಕಿ ದೊಡ್ದಿರ್ಬೇಕು."

"ಕಿಟಕಿ ಯಾಕೆ?" ಎಂದ ಲಮ್ಮೆರ್ಟ್.

"ಕೂತ್ಕೊಳ್ಳೋಕೆ."

ಹಡಗಿಗೆ ಗಿರಾಕಿ ಬೇಗ ಸಿಕ್ಕಿದ. ಅಕ್ಟೋಬರ್ ಕೊನೆಗೆ ಬಿಟ್ಟುಕೊಡಬೇಕು ಎಂದು ಮಾತಾಯಿತು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರೆ. ಕಟ್ಟುವುದಿರಲಿ, ಯಾರೋ ಕಟ್ಟಿ ತೊಂಬತ್ತು ವರ್ಷವಾದ ಮನೆಯನ್ನು ಕೊಳ್ಳುವುದರಲ್ಲೇ ಮನುಷ್ಯ ಅರ್ಧ ಆಗುತ್ತಾನೆ ಎಂಬುದು ಆ ಬೇಸಿಗೆಯಲ್ಲಿ ಯಾಂತಿನಾಳಿಗೆ ತಿಳಿಯಿತು. ಡೆವೆಂಟರಿನಲ್ಲಿ ಹನ್ನೊಂದು ಮನೆ ನೋಡಿದರು. ಹನ್ನೊಂದರಲ್ಲೂ ಲಮ್ಮೆರ್ಟ್ ಮೊಸರಲ್ಲಿ ಕಲ್ಲು ಹುಡುಕಿದ. ಒಂದರ ಹಿಂಬದಿಯಿಂದ ಏನೂ ಕಾಣುವುದಿಲ್ಲ. ಒಂದರ ಮೆಟ್ಟಿಲು ಹಡಗಿನ ಏಣಿಗಿಂತ ಅಗಲ, ಅಷ್ಟು ಜಾಗ ದಂಡ. ಇನ್ನೊಂದರ ನಡುಮನೆಯಲ್ಲಿ ಕಾಲಗಲಿಸಿ ಎರಡು ನಿಮಿಷ ನಿಂತು, "ಇದು ಸತ್ತುಹೋಗಿದೆ" ಎಂದ.

"ಏನು ಸತ್ತುಹೋಗಿದೆ?"

"ನೆಲ. ಅಲ್ಲಾಡೋದೇ ಇಲ್ಲ."

"ಅಲ್ಲಾಡಬಾರ್ದು ಮಾರಾಯ, ಅದು ಮನೆ!"

"ಅಲ್ಲಾಡದಿದ್ರೆ ನಿದ್ದೆ ಹೇಗೆ ಬರತ್ತೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲ ನೆಟ್ಟಗಿದೆ ಎಂದು ದೂರುವವನು. ಮನೆ ತೋರಿಸುವ ಏಜೆಂಟ್ ಮರ್ಲೂಸ್ ಒಳ್ಳೆಯ ಹೆಣ್ಣು, ನಗುತ್ತಿದ್ದಳು. ಆದರೆ ಎಂಟನೇ ಮನೆಯ ಹೊತ್ತಿಗೆ ಆಕೆಯ ನಗುವೂ ಸೊರಗಿತ್ತು. ಯಾಂತಿನಾ ಮಾತ್ರ ಕಾದಳು. ನಲವತ್ತು ವರ್ಷ ಒಬ್ಬನ ಜೊತೆ ಹಡಗಿನಲ್ಲಿ ಬದುಕಿದವಳಿಗೆ ಗಾಳಿ ತಿರುಗುವ ತನಕ ಕಾಯುವುದು ಗೊತ್ತಿರುತ್ತದೆ.

ಹನ್ನೆರಡನೇ ಮನೆಯ ನಂಬರೂ ಹನ್ನೆರಡೇ. ನಿಂಬೆಬಣ್ಣದ ಹೂ ಬಿಡುವ ಲಿಂಡೆನ್ ಮರಗಳ ಒಂದು ಸದ್ದಿಲ್ಲದ ಬೀದಿ; ಅಲ್ಲಿ ಸೈಕಲ್ಲಿನ ಗಂಟೆಯೇ ದೊಡ್ಡ ಗಲಾಟೆ. ಬೀದಿಯ ಈ ಬದಿಗೆಲ್ಲ ಸಮಸಂಖ್ಯೆಯ ನಂಬರು, ಹಾಗಾಗಿ ಸಾಲಿನಲ್ಲಿ ಆರನೆಯ ಮನೆ. ಕಂದು ಇಟ್ಟಿಗೆ, ಮುಂಬಾಗಿಲ ಮೇಲೆ ಹಸಿರು ಹಳದಿ ಗಾಜಿನ ಪಟ್ಟಿ, ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಸರಿಯುವ ಬಾಗಿಲು, ಮೆಟ್ಟಿಲ ಕೆಳಗೆ ಆಲೂಗಡ್ಡೆ ಇಡಲು ತಂಪಾದ ಗೂಡು. ಫೋಟೋ ನೋಡಿದ ದಿನವೇ ಯಾಂತಿನಾ ಆ ಮನೆಯನ್ನು ಮನಸ್ಸಿಗೆ ಹಚ್ಚಿಕೊಂಡಳು. ಮುಂದಿನ ಕಿಟಕಿ ಅಷ್ಟು ದೊಡ್ಡದಿತ್ತು. ವಿಚಿತ್ರವೆಂದರೆ ಲಮ್ಮೆರ್ಟನೂ ಆ ಫೋಟೋವನ್ನು ಬಹಳ ಹೊತ್ತು ನೋಡಿ, "ಮೆಟ್ಟಿಲು ಕಡಿದಾಗಿದೆ, ಚೆನ್ನಾಗಿದೆ" ಎಂದ. ಗಾಳಿ ತಿರುಗಿತ್ತು.

ತೊಡಕು ಇದ್ದದ್ದು ಮಾರುವವರ ಕಡೆಯಿಂದ. ಒಡತಿ ರೂಲ್ವಿಂಕ್ ಟೀಚರ್, ಎಂಬತ್ನಾಲ್ಕು ವರ್ಷ, ಮದುವೆಯಾದವರಲ್ಲ. ಮೂವತ್ತೇಳು ವರ್ಷ ಮೂರನೇ ಕ್ಲಾಸಿನ ಮಕ್ಕಳ ಬೆರಳು ನೋಡಿ ಉಗುರು ಕತ್ತರಿಸಿದ್ದಾರೋ ಇಲ್ಲವೋ ಹೇಳಿದವರು. ಮನೆ ಮಾರಿ ಎರಡು ಬೀದಿ ಆಚೆಯ ವೃದ್ಧರ ವಸತಿಗೆ ಹೋಗುವವರಿದ್ದರು. ಆಮ್‌ಸ್ಟರ್‌ಡ್ಯಾಮಿನಿಂದ ಬಂದ ಒಂದು ಎಳೆ ಜೋಡಿಯೂ ಅದೇ ಮನೆ ಕೇಳಿತ್ತು. ಬೆಲೆಯಲ್ಲಿ ಇಬ್ಬರೂ ಸಮ.

"ಟೀಚರ್ ದುಡ್ಡು ನೋಡಿ ತೀರ್ಮಾನ ಮಾಡಲ್ಲ" ಎಂದಳು ಮರ್ಲೂಸ್. "ಮನುಷ್ಯರನ್ನ ನೋಡ್ತಾರೆ. ಬುಧವಾರ ಕಾಫಿಗೆ ಕರ್ದಿದಾರೆ. ದಯವಿಟ್ಟು..." ಎಂದು ಲಮ್ಮೆರ್ಟನ ಕಡೆ ತಿರುಗಿ, "ನೆಲ ಅಲ್ಲಾಡಲ್ಲ ಅಂತ ಮಾತ್ರ ಹೇಳ್ಬೇಡಿ."

"ನಾನು ಬಾಯೇ ಬಿಡಲ್ಲ" ಎಂದ ಲಮ್ಮೆರ್ಟ್. ಆ ಮಾತನ್ನು ಅವನು ಉಳಿಸಿಕೊಂಡ. ಕೆಟ್ಟದ್ದು ಬಾಯಿಂದ ಅಲ್ಲ, ಕಾಲಿಂದ.

ಆ ಬುಧವಾರ ಅವನು ಯಾಂತಿನಾಳನ್ನು ಮನೆಯ ಮುಂದೆ ಇಳಿಸಿ ಕಾರು ನಿಲ್ಲಿಸಲು ಬೀದಿಯ ತುದಿಗೆ ಹೋದ. ಅವಳು ಒಳ್ಳೆಯ ಕೋಟು ಹಾಕಿಕೊಂಡು, ಮರ್ಲೂಸಳ ಜೊತೆ ಒಳಗೆ ಹೋಗಿ, ಕುರ್ಚಿಯ ಅಂಚಿನಲ್ಲಿ ಕೂತಳು. ಟೀಚರ್ ತೆಳ್ಳಗೆ ನೆಟ್ಟಗೆ ಕೂತಿದ್ದರು. ಕಾಫಿ ಬಂತು, ಬೆಣ್ಣೆ ಸವರಿದ ಮಸಾಲೆ ಕೇಕಿನ ಒಂದೊಂದು ತುಂಡು ಬಂತು.

"ಪಿಯಾನೋ ಇದೆಯಾ ನಿಮ್ಮ ಹತ್ರ?"

"ಇಲ್ಲ ಮೇಡಂ" ಎಂದಳು ಯಾಂತಿನಾ, ಗಂಟಲನ್ನು ಆದಷ್ಟು ಹಿಡಿದು. ಅದು ಪಿಸುಮಾತಿನಂತೆ ಹೊರಟಿತು.

"ನಾಯಿ?"

"ಇತ್ತು. ಹೋಯ್ತು."

"ಸ್ವಲ್ಪ ಜೋರಾಗಿ ಮಾತಾಡಿ, ನನಗೆ ಕಿವಿ ಮಂದ."

ಯಾಂತಿನಾಳಿಗೆ ಜೀವ ಬಂತು. "ನಾಯಿ ಇತ್ತು, ಸತ್ತುಹೋಯ್ತು!" ಎಂದು ತನ್ನ ಸಹಜ ಧ್ವನಿಯಲ್ಲಿ ಹೇಳಿದಳು. ಟೀಚರ್ ಮುಖದಲ್ಲಿ ಸಣ್ಣಗೆ ನಗು ಮೂಡಿತು. ಎಲ್ಲ ಚೆನ್ನಾಗಿಯೇ ಸಾಗಿತ್ತು. ಕಿಟಕಿಯಿಂದ ಬಿಸಿಲು ನೇರವಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಹೀಗೇ ಕೂತುಬಿಡೋಣ ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಟೀಚರ್ ಎತ್ತಿದರು. ಕಿವಿ ಮಂದವಾದ್ದರಿಂದ ಫೋನಿನ ಸದ್ದು ಏರಿಸಿಟ್ಟಿದ್ದರು; ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ರೂಲ್ವಿಂಕ್ ಮೇಡಂ, ನಾನು ಹತ್ತನೇ ನಂಬರಿನ ಕ್ಲುಂಪರ್. ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಒಬ್ಬ ಮನುಷ್ಯ ಎಲ್ರ ಹಿತ್ತಿಲು ದಾಟ್ಕೊಂಡು ಬರ್ತಿದಾನೆ. ಗಡ್ಡ ಇದೆ. ಈಗ ನನ್ನ ಹಿತ್ತಿಲಲ್ಲಿದಾನೆ. ನನಗೆ ಟೋಪಿ ಎತ್ತಿ ನಮಸ್ಕಾರ ಹೇಳ್ದ. ಪೊಲೀಸಿಗೆ ಫೋನ್ ಮಾಡ್ಲಾ?"

ಯಾಂತಿನಾ ಕಪ್ಪನ್ನು ಕೆಳಗಿಟ್ಟಳು. ಗಡ್ಡ, ಟೋಪಿ. ಇನ್ಯಾರು?

ನಡೆದದ್ದು ಇಷ್ಟು. ಹಡಗು ಕೊಳ್ಳುವಾಗ ಮೊದಲು ಅದರ ಹಿಂಭಾಗ ನೋಡಬೇಕು ಎಂಬುದು ಲಮ್ಮೆರ್ಟನ ಶಾಸ್ತ್ರ. ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿದವನಿಗೆ ಮೂಲೆಮನೆಯ ಹಿತ್ತಿಲಿಗೆ ಗೇಟಿಲ್ಲದ್ದು ಕಂಡಿತು. ಅಲ್ಲಿಂದ ಹನ್ನೆರಡನೇ ನಂಬರಿನ ಮನೆಗೆ ನಡುವೆ ಐದು ಹಿತ್ತಿಲು, ಐದು ಗಿಡಬೇಲಿ, ಒಂದೊಂದೂ ಮೊಣಕಾಲೆತ್ತರ. ದಾಟಿಕೊಂಡು ಬಂದ. ಹಡಗಿನವನ ಬುದ್ಧಿಗೆ ಅದರಲ್ಲಿ ತಪ್ಪು ಹೊಳೆಯುವುದಾದರೂ ಹೇಗೆ? ಬಂದರಿನಲ್ಲಿ ಹಡಗುಗಳು ಒಂದರ ಪಕ್ಕಕ್ಕೊಂದು ಕಟ್ಟಿಕೊಂಡು ನಿಲ್ಲುತ್ತವೆ. ಆಚೆಯ ಹಡಗಿನವನು ದಡಕ್ಕೆ ಹೋಗಬೇಕಾದರೆ ಈಚೆಯ ಎಲ್ಲರ ಡೆಕ್ಕು ತುಳಿದೇ ಹೋಗಬೇಕು. ಯಾರೂ ಕೇಳುವುದಿಲ್ಲ, ಯಾರೂ ತಡೆಯುವುದಿಲ್ಲ. ಪಾಲಿಸಬೇಕಾದ ಮರ್ಯಾದೆ ಒಂದೇ: ಸಂಸಾರ ಇರುವುದು ಹಿಂಭಾಗದಲ್ಲಿ, ಆದ್ದರಿಂದ ಮುಂಭಾಗದಿಂದ ದಾಟಬೇಕು, ಕಿಟಕಿಯೊಳಗೆ ಇಣುಕಬಾರದು. ಲಮ್ಮೆರ್ಟ್ ಆ ಮರ್ಯಾದೆಯನ್ನೂ ಮೀರಲಿಲ್ಲ. ಮನೆಗಳಿಂದ ದೂರ, ಸೈಕಲ್ ಶೆಡ್ಡುಗಳ ಪಕ್ಕದಿಂದಲೇ ಬಂದ. ಆರನೇ ನಂಬರಿನ ಹೆಂಗಸು ಬಟ್ಟೆ ಒಣಗಿಸುತ್ತಿದ್ದಳು. "ಸ್ವಲ್ಪ ದಾಟ್ಕೊಂಡು ಹೋಗ್ತೀನಿ" ಎಂದು ಹೇಳಿ, ಅವಳ ಹಗ್ಗ ಜೋತುಬಿದ್ದದ್ದು ನೋಡಲಾರದೆ ಬಿಚ್ಚಿ, ಬಿಗಿದು, ಸರಿಯಾದ ಗಂಟು ಹಾಕಿಕೊಟ್ಟು ಬಂದ. ಆಕೆ ಕೈಯಲ್ಲಿ ಒದ್ದೆ ದಿಂಬಿನ ಚೀಲ ಹಿಡಿದು ನಿಂತಲ್ಲೇ ನಿಂತಿದ್ದಳಂತೆ.

ಅವನು ಕೊನೆಯ ಬೇಲಿಯನ್ನು ದಾಟಿ ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷನಾದ. ಬೂಟಿನ ತುದಿಯಲ್ಲಿ ಯಾರದ್ದೋ ಹೂವಿನ ದಳ ಅಂಟಿತ್ತು.

"ಸೂರಿನ ನೀರಿನ ದೋಣಿ ಗಟ್ಟಿಯಾಗಿದೆ" ಎಂದ ಖುಷಿಯಿಂದ.

ರೂಲ್ವಿಂಕ್ ಟೀಚರ್ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. "ನಮ್ಮ ಬೀದೀಲಿ ಜನ ಮುಂದಿನಿಂದ ಬರ್ತಾರೆ."

"ನಾನೂ ಮುಂದಿನಿಂದ್ಲೇ ಬಂದೆ!" ಎಂದ ಲಮ್ಮೆರ್ಟ್ ನೊಂದುಕೊಂಡು. ಅವನ ಪಾಲಿಗೆ ಸಂಸಾರ ಇರದ ಶೆಡ್ಡಿನ ಕಡೆಯೇ ಮುಂಭಾಗ. ಟೀಚರಿಗೆ ಇವನು ಹಾಸ್ಯ ಮಾಡುತ್ತಿದ್ದಾನೆ ಅನ್ನಿಸಿತು.

"ಈ ಹೊತ್ತಿಗೆ ಇಷ್ಟು ಸಾಕು" ಎಂದರು ಮರ್ಲೂಸಳಿಗೆ. ಯಾಂತಿನಾಳ ಕೇಕು ತಟ್ಟೆಯಲ್ಲೇ ಉಳಿಯಿತು. ಹೊರಗೆ ಬಂದ ಮೇಲೆ ಮರ್ಲೂಸ್ ಅವಳ ತೋಳು ಹಿಡಿದು ಮೆಲ್ಲಗೆ, "ಇನ್ನೊಂದು ಮನೆ ಇದೆ, ಸ್ಟೇಷನ್ ಹತ್ರ" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಹಡಗಿಗೆ ಹಿಂತಿರುಗಿದ ಕೂಡಲೇ ಯಾಂತಿನಾ ಕೋಟು ಬಿಚ್ಚಿಟ್ಟು ಡೆಕ್ಕು ಉಜ್ಜಲು ಕೂತಳು, ಮಾರಿಬಿಟ್ಟ ಹಡಗಿನ ಡೆಕ್ಕು. ಲಮ್ಮೆರ್ಟ್ ಅವಳ ಸುತ್ತ ಸುಳಿದಾಡಿದ.

"ನಾನೇನು ಮಾಡ್ದೆ ಈಗ?"

ಅವಳು ಬ್ರಷ್ ಕೆಳಗಿಟ್ಟಳು. "ನಲವತ್ತು ವರ್ಷ ನಿನ್ನ ಜೊತೆ ನೀರಲ್ಲಿ ಬಂದೆ, ಲಮ್ಮೆರ್ಟ್. ಒಂದು ದಿನ ಬೇಜಾರು ಮಾಡ್ಕೊಂಡಿಲ್ಲ. ಹತ್ತು ನಿಮಿಷ ನನ್ನ ಜೊತೆ ನೆಲದ ಮೇಲೆ ನಡೆಯೋಕೆ ನಿನ್ನ ಕೈಲಿ ಆಗ್ಲಿಲ್ಲ."

ಅವಳು ಅತ್ತಳು. ಹೆಂಡತಿ ಅಳುವುದನ್ನು ಅವನು ನೋಡಿದ್ದು ಮಗಳನ್ನು ಹಾಸ್ಟೆಲಿಗೆ ಬಿಟ್ಟುಬಂದ ದಿನ ಒಂದೇ. ಆ ಮನೆ ಇವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಆ ಮೊದ್ದನಿಗೆ ಆಗಲೇ ಅರ್ಥವಾದದ್ದು. ಮಾರನೆಯ ಬೆಳಿಗ್ಗೆ ಗಡ್ಡ ಬಾಚಿಕೊಂಡು, ಒಳ್ಳೆಯ ಶರ್ಟು ಹಾಕಿಕೊಂಡು ಎದುರು ಬಂದು ನಿಂತ.

"ಹೋಗ್ತೀನಿ. ಆರೂ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ."

"ಯಾವ ದಾರೀಲಿ ಹೋಗ್ತೀಯ?" ಎಂದಳು ಯಾಂತಿನಾ. ಅವನು ನಿಜವಾಗಿಯೂ ಯೋಚಿಸಲು ಶುರುಮಾಡಿದ. ಆ ಮುಖ ನೋಡಿ ಅವಳಿಗೆ ಬೇಡಬೇಡವೆಂದರೂ ನಗು ಬಂದುಬಿಟ್ಟಿತು. "ಬೇಡ, ಕೂತ್ಕೊ. ನೀನು ಹೋದ್ರೆ ಈ ಸಲ ಛಾವಣಿ ಮೇಲಿಂದ ಹೋಗ್ತೀಯ."

ಶುಕ್ರವಾರ ಮರ್ಲೂಸಳ ಫೋನು ಬಂತು. ಆಕೆಗೇ ಆಶ್ಚರ್ಯ. "ಟೀಚರ್ ನಿಮ್ಮನ್ನ ಕರೀತಿದಾರೆ. ಮಂಗಳವಾರ ಹತ್ತೂವರೆಗೆ. ನಿಮ್ಮೊಬ್ರನ್ನೇ."

"ಬೈಯೋಕಾ?"

"ಗೊತ್ತಿಲ್ಲ. ಆಮ್‌ಸ್ಟರ್‌ಡ್ಯಾಮಿನವರಿಗೆ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ."

ಮಂಗಳವಾರ ಹತ್ತೂ ಇಪ್ಪತ್ತೈದಕ್ಕೇ ಯಾಂತಿನಾ ಆ ಬೀದಿಗೆ ಬಂದಳು. ಐದು ನಿಮಿಷ ಮರದ ಕೆಳಗೆ ನಿಂತು, ಹತ್ತೂವರೆಗೆ ಸರಿಯಾಗಿ ಮುಂಬಾಗಿಲ ಬೆಲ್ ಒತ್ತಿದಳು. ಮತ್ತೆ ಅದೇ ಕುರ್ಚಿ, ಅದೇ ಬಿಸಿಲು, ಅದೇ ಕಾಫಿ ಕೇಕು. ಈ ಸಲ ಅವಳು ಆಸೆಯನ್ನು ಹೊರಗೇ ಬಿಟ್ಟು ಬಂದಿದ್ದಳು. ಬಿಟ್ಟು ಬಂದಿದ್ದೇನೆ ಎಂದುಕೊಂಡಿದ್ದಳು. ಕಿಟಕಿಯ ಕಡೆ ನೋಡದಿರಲು ಕತ್ತನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಒಂದು ವಿಷಯ ಕೇಳ್ಬೇಕು" ಎಂದರು ಟೀಚರ್. "ನಿಮ್ಮ ಯಜಮಾನ್ರು ಯಾಕೆ ಹಾಗೆ ಬಂದ್ರು? ನಿಜ ಹೇಳಿ. ಹುಡುಗಾಟಕ್ಕಾ?"

ಯಾಂತಿನಾ ಹೇಳಿದಳು. ಕಟ್ಟಿಕೊಂಡು ನಿಲ್ಲುವ ಹಡಗುಗಳ ವಿಷಯ, ಡೆಕ್ಕು ದಾಟುವ ವಿಷಯ, ಮುಂಭಾಗ ಹಿಂಭಾಗದ ವಿಷಯ. ಟೀಚರ್ ನಗಲಿಲ್ಲ.

"ಯಾರು ಬೇಕಾದ್ರೂ ದಾಟ್ಬಹುದಾ? ಗುರುತಿಲ್ದವ್ರೂ?"

"ಗುರುತು ಎಲ್ಲಿರತ್ತೆ ಮೇಡಂ? ಇವತ್ತು ಪಕ್ಕದಲ್ಲಿರೋನು ನಾಳೆ ಇರಲ್ಲ." ಯಾಂತಿನಾ ಹೇಳುವುದೋ ಬೇಡವೋ ಎಂದು ಯೋಚಿಸಿದಳು. ಹೇಗೂ ಮನೆ ಕೈತಪ್ಪಿದೆ, ಲಮ್ಮೆರ್ಟನ ಮಾನವಾದರೂ ಉಳಿಯಲಿ ಎಂದು ಹೇಳಿಯೇಬಿಟ್ಟಳು. "ನನ್ನ ಮಗಳು ಹುಟ್ಟಿದಾಗ ನೈಮೇಖನ್ ಬಂದರಲ್ಲಿ ಸಿಕ್ಕಿಹಾಕ್ಕೊಂಡಿದ್ವಿ. ನದಿ ಹೆಪ್ಪುಗಟ್ಟಿತ್ತು. ದಡದಿಂದ ನಾವು ಐದನೇ ಹಡಗು. ಬೆಳಿಗ್ಗೆ ಎಂಟಕ್ಕೆ ನೋವು ಶುರು ಆಯ್ತು. ಸೂಲಗಿತ್ತಿ ಸೈಕಲ್ ಮೇಲೆ ಬಂದ್ಳು, ದಪ್ಪ ಹೆಂಗಸು, ನೀರು ಕಂಡ್ರೆ ಸಾಯೋಷ್ಟು ಭಯ. ದಡದಲ್ಲಿ ನಿಂತು, ನಾನು ಬರಲ್ಲ ಅಂದ್ಳಂತೆ. ನಾಲ್ಕು ಹಡಗಿನೋರೂ ಎದ್ದು ಬಂದ್ರು. ಒಬ್ಬ ಹಲಗೆ ಹಾಕ್ದ, ಒಬ್ಬ ಜಾರದಿರ್ಲಿ ಅಂತ ಅದರ ಮೇಲೆ ಬೂದಿ ಚೆಲ್ಲಿದ, ಇಬ್ರು ಅವಳ ಎರಡೂ ಕೈ ಹಿಡ್ಕೊಂಡ್ರು. ಒಬ್ರಿಂದ ಒಬ್ರಿಗೆ ದಾಟಿಸಿ ನನ್ನ ಹತ್ರ ತಂದು ಬಿಟ್ರು. ಅವ್ರ ಹೆಂಡ್ತೀರು ಬಿಸಿನೀರು ತಂದ್ರು. ಒಬ್ರ ಹೆಸರೂ ನನಗೆ ಗೊತ್ತಿಲ್ಲ. ಮಂಜುಗಡ್ಡೆ ಕರಗಿದ ಮೇಲೆ ಎಲ್ರೂ ಹೊರಟ್ರು. ಲಮ್ಮೆರ್ಟನಿಗೆ ಪಕ್ಕದವ್ರು ಅಂದ್ರೆ ಅದೇ ಗೊತ್ತಿರೋದು ಮೇಡಂ. ಬೇರೆ ಥರ ಗೊತ್ತಿಲ್ಲ."

ಹೇಳಿ ಮುಗಿಸುವಾಗ ಅವಳ ಗಂಟಲು ಏರಿ, ಗಾಜಿನ ಕಪಾಟಿನಲ್ಲಿ ಲೋಟಗಳು ಸಣ್ಣಗೆ ಸದ್ದು ಮಾಡಿದವು. ಟೀಚರ್ ಕಾಫಿ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ನನಗೆ ಅವತ್ತು ಕೋಪ ಬಂದದ್ದು ನಿಮ್ಮ ಯಜಮಾನ್ರ ಮೇಲಲ್ಲ" ಎಂದರು. "ಆಮೇಲೆ ಯೋಚ್ನೆ ಮಾಡ್ದಾಗ ಗೊತ್ತಾಯ್ತು. ಅವ್ರು ಎಷ್ಟು ಸಲೀಸಾಗಿ ದಾಟಿದ್ರು! ಒಂದು ಕಾಲೆತ್ತಿದ್ರು, ಇನ್ನೊಂದು ಕಾಲೆತ್ತಿದ್ರು, ಬಂದ್ರು."

ಆಮೇಲೆ ಅವರು ಹೇಳಿದ್ದು ಅದುವರೆಗೆ ಯಾರಿಗೂ ಹೇಳಿರದ ಮಾತು. ಹೋದ ಜನವರಿಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದರು. ಸೊಂಟ ಮುರಿದಿತ್ತು, ಏಳಲಾಗಲಿಲ್ಲ, ಕೂಗಿದ್ದು ಹೊರಗೆ ಕೇಳಲಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕವೂ ಹಾಕಿರಲಿಲ್ಲ. ಪಕ್ಕದ ಕ್ಲುಂಪರ್ ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಸಭ್ಯರು. ಹಗಲೂ ದೀಪ ಉರಿಯುತ್ತಿರುವುದು ಅವರಿಗೆ ತಮ್ಮ ಕಿಟಕಿಯಿಂದ ಕಂಡಿತು. ಏನೋ ಸರಿಯಿಲ್ಲ ಅನ್ನಿಸಿತು ಕೂಡ. ಬೂಟು ಹಾಕಿಕೊಂಡು, ಕೋಟು ಹಾಕಿಕೊಂಡು, ಬೀದಿಯ ಕಡೆಯಿಂದ ಬಂದು ಮುಂಬಾಗಿಲ ಬೆಲ್ ಒತ್ತಿದರು. ಎರಡು ಸಲ. ಆಮೇಲೆ ಒಂದು ಚೀಟಿ ಬರೆದು ಬಾಗಿಲ ಕಿಂಡಿಯಿಂದ ಒಳಗೆ ಹಾಕಿ ಹೋದರು.

"ಆ ಕಿಂಡಿಯ ಮುಚ್ಚಳ ಬಡ್ಕೊಂಡ ಸದ್ದು ನನಗೂ ಕೇಳಿಸ್ತು" ಎಂದರು ಟೀಚರ್. "'ಬೆಲ್ ಮಾಡಿದ್ದೆ, ನೀವು ಮನೆಯಲ್ಲಿರಲಿಲ್ಲ.' ಅಂಥ ಚೆಂದದ ಅಕ್ಷರ. ನಾಲ್ಕು ಗಂಟೆಗೆ ಕೆಲಸದವಳು ಬರೋವರೆಗೂ ನಾನು ಅಲ್ಲೇ ಇದ್ದೆ. ಬೇಲಿ ಎಷ್ಟೆತ್ತರ ಅಂತ ನೀವು ನೋಡಿದೀರಲ್ಲ?"

"ನೋಡಿದೀನಿ."

"ಅವ್ರ ಮೇಲೆ ನಾನು ತಪ್ಪು ಹೊರಿಸಲ್ಲ. ಅವ್ರು ಬಿದ್ದಿದ್ರೂ ನಾನು ಅಷ್ಟೇ ಮಾಡ್ತಿದ್ದೆ. ಬೆಲ್ ಮಾಡ್ತಿದ್ದೆ. ಚೀಟಿ ಬರೀತಿದ್ದೆ." ಟೀಚರ್ ಮುಖ ತಿರುಗಿಸಿ ಹಿತ್ತಿಲ ಕಡೆ ನೋಡಿದರು. "ನೀವಿಬ್ರು ಪಕ್ಕದ ಮನೇಲಿ ಇದ್ದಿದ್ರೆ ನಾನು ಈ ಮನೆ ಮಾರ್ತಾನೇ ಇರ್ಲಿಲ್ಲ."

ಯಾಂತಿನಾ ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲವೇನೋ.

"ಹಾಗಾದ್ರೆ ಮಾರಬೇಡಿ" ಎಂದಳು. "ಈ ಬೀದೀಲೇ ಇನ್ಯಾವ್ದಾದ್ರೂ ಮನೆ ಖಾಲಿಯಾದ್ರೆ ನಾವು ಬರ್ತೀವಿ. ಅಲ್ಲೀವರೆಗೂ ಬಾಡಿಗೆಗೆ ಎಲ್ಲಾದ್ರೂ ಇರ್ತೀವಿ. ಲಮ್ಮೆರ್ಟ್ ದಿನಾ ಬಂದು ನೋಡ್ಕೊಂಡು ಹೋಗ್ತಾನೆ. ಅವನಿಗೂ ಬೇರೆ ಕೆಲಸ ಇಲ್ಲ."

ಹೇಳಿದ ಮೇಲೆ ಅವಳಿಗೆ ಬುದ್ಧಿ ಬಂತು. ಐವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆಸೆಯನ್ನು ತನ್ನ ಬಾಯಿಂದಲೇ ಬೇಡ ಎಂದುಬಿಟ್ಟಿದ್ದಳು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಎಂದು ಒಳಗೇ ನೋಡಿಕೊಂಡಳು, ಮನಸ್ಸು ಬರಲಿಲ್ಲ. ಆಡಿದ ಮಾತು ನಿಜವಾಗಿತ್ತು. ಕೇಕಿನ ತುಂಡನ್ನು ಎತ್ತಿಕೊಂಡು ಕಚ್ಚಿದಳು.

ರೂಲ್ವಿಂಕ್ ಟೀಚರ್ ಅವಳನ್ನೇ ನೋಡುತ್ತಿದ್ದರು, ಹಿಂದೆ ಮಕ್ಕಳ ಉಗುರು ನೋಡುತ್ತಿದ್ದವರ ಹಾಗೆ.

"ಮೆಟ್ಟಿಲು ಹತ್ತೋಕಾಗಲ್ಲ ನನಗೆ" ಎಂದರು. "ಮಲಗೋ ಕೋಣೆ ಮೇಲಿದೆ. ಅದಕ್ಕೆ ಯಾವ ಪಕ್ಕದ ಮನೆಯವ್ರೂ ಏನೂ ಮಾಡೋಕಾಗಲ್ಲ. ಹೋಗೋದು ಹೋಗೋದೇ. ಯಾರಿಗೆ ಬಿಟ್ಟು ಹೋಗೋದು ಅನ್ನೋದು ಗೊತ್ತಿರ್ಲಿಲ್ಲ, ಅಷ್ಟೆ."

ಯಾಂತಿನಾಳ ಬಾಯಿ ತುಂಬ ಕೇಕು.

"ಆಮ್‌ಸ್ಟರ್‌ಡ್ಯಾಮಿನೋರು ಒಳ್ಳೇವ್ರೇ" ಎಂದರು ಟೀಚರ್. "ಮೊದಲು ಕೇಳಿದ್ದು, ಬೇಲಿ ಎತ್ತರ ಮಾಡ್ಬಹುದಾ ಅಂತ. ನಾನು ಈ ಮನೇಲಿ ಐವತ್ತೊಂದು ವರ್ಷ ಇದ್ದೆ. ಕ್ಲುಂಪರ್ ಪಕ್ಕದಲ್ಲಿ ಮೂವತ್ತೆಂಟು ವರ್ಷದಿಂದ ಇದಾರೆ. ಅವ್ರಿಗೂ ಎಪ್ಪತ್ತಾರು ಆಯ್ತು. ಅವ್ರ ಅಡುಗೆಮನೆ ದೀಪಾನೂ ಯಾರಾದ್ರೂ ನೋಡ್ಬೇಕಲ್ಲ."

ಅವರು ಕೈಚಾಚಿ ಯಾಂತಿನಾಳ ಆ ಹಗ್ಗ ಎಳೆದ ಒರಟು ಕೈ ಮೇಲೆ ತಮ್ಮ ಕೈಯಿಟ್ಟರು. ಹಾಲಿನವನಿಗೆ, ಪಾದ್ರಿಗೆ, ಮೂವತ್ತೆಂಟು ವರ್ಷದ ನೆರೆಯವರಿಗೆ, ಎಲ್ಲರಿಗೂ "ನೀವು" ಎಂದೇ ಹೇಳುತ್ತಾ ಬಂದ ಹೆಂಗಸು ಅವರು. ಯಾರನ್ನೂ ಅದಕ್ಕಿಂತ ಹತ್ತಿರ ಬರಲು ಬಿಟ್ಟವರಲ್ಲ.

"ಮನೆ ನೀನೇ ತಗೋ" ಎಂದರು.